ಅರಸೀಕೆರೆಗೆ ಅಂಟಿಕೊಂಡ ಫೋನ್ ನಂಬರ್: ಸಿ ಭಾಷೆಯ ವೈಡ್ ಸ್ಟ್ರಿಂಗ್ ಪರಿವರ್ತಕಗಳ ವಿಮರ್ಶೆ

ಅಂಕ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಎರಡು. ಆ ಎರಡರಲ್ಲೂ ಅರ್ಧ ಅಂಕ ವಯಸ್ಸಿಗೆ ಕೊಟ್ಟ ಮರ್ಯಾದೆ.

ಬಿಟ್ಟಿ ಸಿಗುವ ವಸ್ತುವಿಗೆ ವಿಮರ್ಶೆ ಯಾಕೆ ಅಂತ ಕೇಳಬಹುದು. ದುಡ್ಡು ಕೊಟ್ಟಿಲ್ಲ ನಿಜ. ಆದರೆ ಏಳು ವಾರಾಂತ್ಯ ಕೊಟ್ಟಿದ್ದೇನೆ. ಬೆಂಗಳೂರಿಂದ ಹಾಸನಕ್ಕೆ ಬಸ್ ಚಾರ್ಜ್ ಬೇರೆ.

ವಿಷಯ ಇದು. ಹಾಸನದಲ್ಲಿ ನನ್ನ ಸೋದರಮಾವನದ್ದು ಒಂದು ಮಂಡಿ ಇದೆ. ಆಲೂಗಡ್ಡೆ, ಶುಂಠಿ. ನಾಲ್ಕು ತೂಕದ ಯಂತ್ರ. ರೈತರು ಮೂಟೆ ಇಳಿಸುತ್ತಾರೆ, ತೂಕ ಆಗುತ್ತದೆ, ಹೆಸರು, ತಾಲ್ಲೂಕು, ಫೋನು, ತೂಕ ಬರೆದ ಚೀಟಿ ಕೈಗೆ ಬರುತ್ತದೆ. ಇಷ್ಟು ವರ್ಷ ಮಂಡಿಯ ರೈಟರ್ ಕೈಯಲ್ಲೇ ಬರೆಯುತ್ತಿದ್ದರು. ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಮಾವ ಫೋನ್ ಮಾಡಿ, "ನೀನು ದಿನಾ ಅದೇನೋ ಸಿ ಬರೀತೀಯಲ್ಲೋ, ನಮಗೂ ಒಂದು ಚೀಟಿ ಮಾಡಿಕೊಡು" ಅಂದರು. ನಾನು ಹೊಟ್ಟೆಪಾಡಿಗೆ ಮೀಟರ್‌ಗಳ ಒಳಗಿನ ಸಾಫ್ಟ್‌ವೇರ್ ಬರೆಯುವವನು. ಅಲ್ಲಿ ಇಂಗ್ಲಿಷ್ ಅಕ್ಷರವೇ ಅಪರೂಪ, ಎಲ್ಲಾ ಅಂಕಿ. ಕನ್ನಡದ ಹೆಸರನ್ನು ಸಿಯಲ್ಲಿ ಮುಟ್ಟಿದ್ದು ಅದೇ ಮೊದಲು. ಆಗಲಿ ಮಾವ ಅಂದೆ.

ಕನ್ನಡ ಅಂದ ಮೇಲೆ ಅಗಲದ ಅಕ್ಷರ ಬೇಕು, ಅಂದರೆ ವೈಡ್ ಕ್ಯಾರೆಕ್ಟರ್, ಡಬ್ಲ್ಯೂ-ಚಾರ್-ಟಿ, ಒಂದು ಬೈಟಿಗಿಂತ ದೊಡ್ಡ ಡಬ್ಬದಲ್ಲಿ ಇಟ್ಟ ಅಕ್ಷರ. ಕಾಲೇಜಿನಲ್ಲಿ ಹಾಗೇ ಹೇಳಿಕೊಟ್ಟಿದ್ದರು. ಒಳಗೆಲ್ಲ ಅಗಲದ ಅಕ್ಷರದಲ್ಲಿ ಇಟ್ಟುಕೋ, ಹೊರಗೆ ಕಳಿಸುವಾಗ ಬೈಟ್ ಮಾಡು. ಆ ಪರಿವರ್ತನೆಗೆ ಸಿ ಲೈಬ್ರರಿಯಲ್ಲೇ ಒಂದು ಕುಟುಂಬ ಇದೆ. ಹಿರಿಯಣ್ಣನ ಹೆಸರು ಡಬ್ಲ್ಯೂಸಿಎಸ್-ಟು-ಎಂಬಿಎಸ್. ಅಗಲದ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಕೊಟ್ಟರೆ ಬೈಟ್ ಸ್ಟ್ರಿಂಗ್ ಕೊಡುತ್ತಾನೆ. ಉಲ್ಟಾ ಕೆಲಸಕ್ಕೆ ಎಂಬಿಎಸ್-ಟು-ಡಬ್ಲ್ಯೂಸಿಎಸ್. ಒಂದೊಂದೇ ಅಕ್ಷರಕ್ಕೆ ಡಬ್ಲ್ಯೂಸಿ-ಟು-ಎಂಬಿ. ಇವರೆಲ್ಲ 1989ರ ಸಿ ಸ್ಟ್ಯಾಂಡರ್ಡ್‌ನಲ್ಲೇ ಹುಟ್ಟಿದವರು. ಎಲ್ಲ ಲಿಪಿಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಅದರಲ್ಲೇ ಇತ್ತು. ಆ ನಂಬರನ್ನು ಬೈಟ್ ಮಾಡುವ ಯುಟಿಎಫ್-8 ಹುಟ್ಟಿದ್ದು 1992ರಲ್ಲಿ. ಅಂದರೆ ಈ ಕುಟುಂಬಕ್ಕೆ ನಮ್ಮ ಲಿಪಿಯೂ ಗೊತ್ತಿರಲಿಲ್ಲ, ಅದನ್ನು ಹೊರುವ ಗಾಡಿಯೂ ಗೊತ್ತಿರಲಿಲ್ಲ. ಆಮೇಲೆ 1995ರ ತಿದ್ದುಪಡಿಯಲ್ಲಿ ತಮ್ಮಂದಿರು ಬಂದರು. ಹೆಸರಿನ ಮಧ್ಯೆ ಒಂದು 'ಆರ್' ಸೇರಿಸಿಕೊಂಡವರು: ಡಬ್ಲ್ಯೂಸಿಎಸ್‌ಆರ್-ಟು-ಎಂಬಿಎಸ್, ಎಂಬಿಆರ್-ಟು-ಡಬ್ಲ್ಯೂಸಿ. ಆ 'ಆರ್' ಯಾಕೆ ಮುಖ್ಯ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಮಾವನ ಮರ್ಯಾದೆ ಅರ್ಧ ಹೋಗಿತ್ತು.

ಮೊದಲ ದಿನ ಚೀಟಿಯಲ್ಲಿ ಹೆಸರೇ ಇಲ್ಲ. ತೂಕ ಇದೆ, ದರ ಇದೆ, ತಾರೀಕು ಇದೆ. ಹೆಸರಿನ ಜಾಗ ಖಾಲಿ. ಕೆಲವು ಚೀಟಿಯಲ್ಲಿ ಎರಡು ಮೂರು ಕಸದ ಚಿಹ್ನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿ ಇತ್ತು. ಮಂಡಿಯ ಡಬ್ಬದಲ್ಲಿ ಅದೇ ಪ್ರೋಗ್ರಾಂ ಡಾಕರ್ ಅನ್ನುವ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು, ಡೆಬಿಯನ್ ಅನ್ನುವ ಲಿನಕ್ಸ್‌ನ ಸಣ್ಣ ಇಮೇಜ್. ಅದರಲ್ಲಿ ಕನ್ನಡ ಲೊಕೇಲ್ ಇರಲೇ ಇಲ್ಲ. ಲೊಕೇಲ್ ಅಂದರೆ ಯಾವ ಭಾಷೆ, ಯಾವ ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಮಾಡುವ ಪದ್ಧತಿ) ಅಂತ ಪ್ರೋಗ್ರಾಂಗೆ ಹೇಳುವ ಸೆಟ್ಟಿಂಗ್. ಅದನ್ನು ಹಾಕುವ ಸೆಟ್‌ಲೊಕೇಲ್, ಆಗಲಿಲ್ಲ ಅನ್ನಲು ನಲ್ ವಾಪಸ್ ಕೊಟ್ಟಿತ್ತು, ನಾನು ನೋಡಿರಲಿಲ್ಲ. ಪ್ರೋಗ್ರಾಂ ತನ್ನ ಹುಟ್ಟಿನ 'ಸಿ' ಲೊಕೇಲ್‌ನಲ್ಲೇ ಉಳಿದಿತ್ತು. ಆ ಲೊಕೇಲ್‌ನಲ್ಲಿ ಹಿರಿಯಣ್ಣನಿಗೆ ಕನ್ನಡ ಬರುವುದಿಲ್ಲ. 'ಕ' ಕೊಟ್ಟರೆ ತಪ್ಪು ಅನ್ನುತ್ತಾನೆ.

ತಪ್ಪು ಅಂತ ಹೇಳುವ ರೀತಿ ನೋಡಿ. ಹೆಸರಿಗೆ ಎಷ್ಟು ಬೈಟ್ ಬೇಕು ಅಂತ ಮೊದಲು ಅವನನ್ನೇ ಕೇಳಿದ್ದೆ. ಮೈನಸ್ ಒಂದು ಕೊಡುತ್ತಾನೆ. ಆದರೆ ಅದರ ಟೈಪು ಸೈಜ್-ಟಿ, ಅದರಲ್ಲಿ ಮೈನಸ್ಸೇ ಇಲ್ಲ. ಹಾಗಾಗಿ ಅದು ಆ ಯಂತ್ರದ ಅತಿ ದೊಡ್ಡ ಸಂಖ್ಯೆ ಆಗಿ ಕೂರುತ್ತದೆ. ನಾನು ಸೊನ್ನೆಗಿಂತ ಕಡಿಮೆಯಾ ಅಂತ ಪರೀಕ್ಷೆ ಹಾಕಿದ್ದೆ. ಅದು ಎಂದೂ ನಿಜ ಆಗುವುದಿಲ್ಲ. ಮುಂದಿನ ಸಾಲಿನಲ್ಲಿ ಉದ್ದಕ್ಕೆ ಒಂದು ಕೂಡಿಸಿ ಮ್ಯಾಲಕ್ ಮಾಡಿದ್ದೆ, ಅಂದರೆ ಅಷ್ಟು ಮೆಮೊರಿ ಕೇಳಿದ್ದೆ. ಅತಿ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿದರೆ ಸೊನ್ನೆ. ಮ್ಯಾಲಕ್‌ಗೆ ಸೊನ್ನೆ ಬೈಟ್ ಕೇಳಿದೆ. ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿ ಅದಕ್ಕೂ ನಗುತ್ತಾ ಒಂದು ವಿಳಾಸ ಕೊಡುತ್ತದೆ. ಆಮೇಲೆ ಸೊನ್ನೆ ಬೈಟ್ ಒಳಗೆ ಹೆಸರು ಬರೆ ಅಂದೆ. ಹಿರಿಯಣ್ಣ ಏನೂ ಬರೆಯದೆ, ಬರೆದ ಬೈಟ್ ಎಷ್ಟು ಅಂದರೆ ಸೊನ್ನೆ ಅಂತ ಹೇಳಿದ. ಎಲ್ಲರೂ ನಿಯಮದ ಪ್ರಕಾರವೇ ನಡೆದುಕೊಂಡರು. ಚೀಟಿ ಮಾತ್ರ ಖಾಲಿ. ಕಂಪೈಲರ್‌ಗೆ ಡಬ್ಲ್ಯೂ-ಎಕ್ಸ್‌ಟ್ರಾ ಹಾಕಿದ್ದರೆ ಆ ಪರೀಕ್ಷೆ ದಂಡ ಅಂತ ಎಚ್ಚರಿಸುತ್ತಿತ್ತು. ಹಾಕಿರಲಿಲ್ಲ.

ಪರಿಹಾರ ಸುಲಭ. ಲೊಕೇಲ್ ಹೆಸರು ಸಿ-ಡಾಟ್-ಯುಟಿಎಫ್-8 ಅಂತ ಬದಲಾಯಿಸಿದೆ. ಡೆಬಿಯನ್‌ನಲ್ಲಿ ಮೊದಲಿಂದ ಇದೆ, ಗ್ಲಿಬ್‌ಸಿಗೆ 2022ರ 2.35ರಲ್ಲಿ ಅಧಿಕೃತವಾಗಿ ಬಂತು. ಅದಕ್ಕೆ ಊರು, ಭಾಷೆ ಏನೂ ಇಲ್ಲ, ಬರೀ ಯುಟಿಎಫ್-8 ಗೊತ್ತು. ನಮಗೆ ಬೇಕಾದದ್ದೂ ಅಷ್ಟೇ ಅಲ್ವಾ.

ಮುಂದಿನ ಶನಿವಾರ ಮಾವನ ಫೋನು. "ಏನೋ ಇದು, ಅರಸೀಕೆರೆಗೆ ಫೋನ್ ನಂಬರ್ ಅಂಟಿಕೊಂಡಿದೆಯಲ್ಲೋ?"

ವಾಟ್ಸಾಪ್‌ನಲ್ಲಿ ಚೀಟಿಯ ಫೋಟೋ. ತಾಲ್ಲೂಕು ಅನ್ನುವ ಕಡೆ ಅರಸೀಕೆರೆ, ಅದರ ಬಾಲಕ್ಕೆ ಹತ್ತು ಅಂಕಿ. ಕೆಳಗಿನ ಸಾಲಿನಲ್ಲಿ ಅದೇ ನಂಬರ್ ಮತ್ತೆ. "ಹಾಸನದವರದ್ದು ಸರಿ ಇದೆ ಮಾವ?" ಅಂದೆ. ಸರಿ ಇದೆ. ಬೇಲೂರು? ಸರಿ. ಆಲೂರು? ಸರಿ. ಸಕಲೇಶಪುರ? ಅದಕ್ಕೂ ನಂಬರ್. ಅರಕಲಗೂಡಿಗೂ ನಂಬರ್. "ಚನ್ನರಾಯಪಟ್ಟಣದ್ದು ಇನ್ನೂ ಚೆನ್ನಾಗಿದೆ, ಚನ್ನರಾಯಪ ಅಂತ ಯಾರೋ ಮನುಷ್ಯನ ಹೆಸರು ಹಾಕಿ ಪಕ್ಕದಲ್ಲಿ ಅವನ ನಂಬರ್ ಕೊಟ್ಟಿದೀಯ" ಅಂದರು. ಹೊಳೆನರಸೀಪುರ ಬರೀ ಹೊಳೆನರಸೀ ಆಗಿತ್ತು.

ಪೇಪರ್ ತಗೊಂಡು ಕೂತೆ. ತಾಲ್ಲೂಕಿಗೆ ನಾನು ಕೊಟ್ಟ ಜಾಗ 24 ಬೈಟ್. ಲೆಕ್ಕ ಹಾಕಿದ್ದು ಕಣ್ಣಿಗೆ ಕಾಣುವ ಅಕ್ಷರದಲ್ಲಿ. ಅ, ರ, ಸೀ, ಕೆ, ರೆ: ಐದು. ಐದು ಮೂರಲೆ ಹದಿನೈದು, 24 ಧಾರಾಳ ಅಂದುಕೊಂಡಿದ್ದೆ. ಆದರೆ ಯೂನಿಕೋಡ್‌ನಲ್ಲಿ ಸ ಬೇರೆ, ಅದರ ದೀರ್ಘ ಬೇರೆ. ಕ ಬೇರೆ, ಅದರ ಎತ್ವ ಬೇರೆ. ಅ, ರ, ಸ, ೀ, ಕ, ೆ, ರ, ೆ. ಎಂಟು ಕೋಡ್ ಪಾಯಿಂಟ್, ಅಂದರೆ ಯೂನಿಕೋಡ್ ಕೊಟ್ಟ ಎಂಟು ನಂಬರ್. ಕನ್ನಡದ ಒಂದೊಂದಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ಎಂಟು ಮೂರಲೆ ಇಪ್ಪತ್ನಾಲ್ಕು. ಕರಾರುವಾಕ್ಕು 24.

ಸಕಲೇಶಪುರ ಎಣಿಸಿದೆ. ಎಂಟು. ಅರಕಲಗೂಡು ಎಣಿಸಿದೆ. ಎಂಟು! ಜಿಲ್ಲೆಯ ಎಂಟು ತಾಲ್ಲೂಕಿನಲ್ಲಿ ಮೂರಕ್ಕೆ ಸರಿಯಾಗಿ 24 ಬೈಟ್. ಹಾಸನಕ್ಕೆ 12, ಆಲೂರಿಗೆ 15, ಬೇಲೂರಿಗೆ 18. ಹೊಳೆನರಸೀಪುರಕ್ಕೆ 33, ಚನ್ನರಾಯಪಟ್ಟಣಕ್ಕೆ 36. ನಾನು ಬೇಕು ಬೇಕು ಅಂತ ಹುಡುಕಿದ್ದರೂ ಇಷ್ಟು ಕೆಟ್ಟ ಸಂಖ್ಯೆ ಸಿಗುತ್ತಿರಲಿಲ್ಲ.

ಹಿರಿಯಣ್ಣನ ಕೆಟ್ಟ ಗುಣ ಇಲ್ಲೇ ಇರುವುದು. ಸಿಯಲ್ಲಿ ಸ್ಟ್ರಿಂಗ್ ಮುಗಿಯಿತು ಅನ್ನುವುದಕ್ಕೆ ಕೊನೆಯಲ್ಲಿ ಒಂದು ಸೊನ್ನೆ ಬೈಟ್ ಇರಬೇಕು. ಜಾಗ ತುಂಬಿದರೆ ಅವನು ಅದನ್ನು ಹಾಕುವುದಿಲ್ಲ. ಸುಮ್ನೆ ನಿಲ್ಲುತ್ತಾನೆ. ತಪ್ಪು ಅಂತಲೂ ಹೇಳುವುದಿಲ್ಲ, 24 ಬರೆದೆ ಅಂತ ಹೆಮ್ಮೆಯಿಂದ ಹೇಳುತ್ತಾನೆ. ವಾಪಸ್ ಬಂದ ಸಂಖ್ಯೆ ನೀವು ಕೊಟ್ಟ ಜಾಗಕ್ಕೆ ಸಮ ಇದ್ದರೆ ಸ್ಟ್ರಿಂಗ್ ಮುಗಿದಿಲ್ಲ ಅಂತ ನೀವೇ ತಿಳಿದುಕೊಳ್ಳಬೇಕು. ನಾನು ತಿಳಿದುಕೊಂಡಿರಲಿಲ್ಲ. ಚೀಟಿಯ ವಿವರಗಳನ್ನು ಸಾಲಾಗಿ ಇಡುವ ಸ್ಟ್ರಕ್ಟ್‌ನಲ್ಲಿ ತಾಲ್ಲೂಕಿನ ಪಕ್ಕದ ಮನೆ ಫೋನ್ ನಂಬರಿನದ್ದು. ಮುದ್ರಣ ತಾಲ್ಲೂಕಿನಿಂದ ಹೊರಟು, ಗೋಡೆ ಇಲ್ಲದ್ದರಿಂದ ಪಕ್ಕದ ಮನೆಗೂ ಹೋಗಿ, ಅಲ್ಲಿ ಸೊನ್ನೆ ಸಿಕ್ಕಿದ ಮೇಲೆ ನಿಂತಿತು.

ಒಂದು ಒಳ್ಳೆಯದು ಹೇಳಬೇಕು. ಅವನು ಒಂದು ಕೋಡ್ ಪಾಯಿಂಟನ್ನು ನಡುವೆ ಕತ್ತರಿಸುವುದಿಲ್ಲ. ಮೂರು ಬೈಟ್‌ಗೆ ಜಾಗ ಇಲ್ಲದಿದ್ದರೆ ಆ ಮೂರನ್ನೂ ಬಿಟ್ಟುಬಿಡುತ್ತಾನೆ. ಆದರೆ ಕೋಡ್ ಪಾಯಿಂಟ್ ಉಳಿದರೂ ಅಕ್ಷರ ಉಳಿಯಬೇಕು ಅಂತಿಲ್ಲ. ಹಳೆಯ ಪಟ್ಟಿಯಿಂದ ಬಂದ ಒಂದು ಅರಸೀಕೆರೆಯಲ್ಲಿ ದೀರ್ಘವನ್ನು ಬಿಡಿಸಿ ಇಟ್ಟಿದ್ದರು, ಗುಡಿಸು ಬೇರೆ, ದೀರ್ಘದ ಬಾಲ ಬೇರೆ. ಯೂನಿಕೋಡ್ ಪ್ರಕಾರ ಎರಡೂ ಒಂದೇ, ಪರದೆ ಮೇಲೂ ಒಂದೇ. ಬೈಟ್ ಮಾತ್ರ 27. ಅದು ಅರಸೀಕೆರ ಆಗಿ ಬಂತು, ಎತ್ವ ಬಿದ್ದುಹೋಗಿ. ಜಾಗ 24 ಇದ್ದದ್ದನ್ನು 64 ಮಾಡಿದೆ. ಒಂದು ಬೈಟ್ ಕಡಿಮೆ ಕೊಟ್ಟು ಕೊನೆಯದಕ್ಕೆ ನಾನೇ ಸೊನ್ನೆ ಹಾಕಿದೆ.

ಇಲ್ಲಿಯವರೆಗೆ ಎಲ್ಲ ಓದದೆ ಮಾಡಿದ ತಪ್ಪು, ಒಪ್ಪಿಕೊಳ್ಳುತ್ತೇನೆ. ನನ್ನ ಅಂಕ ಕತ್ತರಿಯಾಡಿದ್ದು ಥ್ರೆಡ್ ವಿಷಯದಲ್ಲಿ.

ಆಗಸ್ಟ್ ಕೊನೆ, ಆಲೂಗಡ್ಡೆ ಬರುವ ಕಾಲ. ನಾಲ್ಕೂ ತೂಕದ ಯಂತ್ರ ಒಟ್ಟಿಗೆ ಓಡುತ್ತವೆ. ಒಂದೊಂದಕ್ಕೆ ಒಂದು ಥ್ರೆಡ್, ಅಂದರೆ ಒಂದೇ ಪ್ರೋಗ್ರಾಂ ಒಳಗೆ ಒಟ್ಟಿಗೆ ನಡೆಯುವ ಕೆಲಸದ ಎಳೆ. ದಿನಕ್ಕೆ ಐದಾರು ಚೀಟಿಯಲ್ಲಿ ಹೆಸರು ಖಾಲಿ ಬರತೊಡಗಿತು. ಉಳಿದದ್ದೆಲ್ಲ ಸರಿ. ಅದೇ ರೈತನ ಮುಂದಿನ ಚೀಟಿ ಸರಿ. ನಾನು ಬೆಂಗಳೂರಿನಲ್ಲಿ ಸಾವಿರ ಸಲ ಓಡಿಸಿದರೂ ಒಂದೂ ಬರುವುದಿಲ್ಲ. ಕಾರಣ ಹುಡುಕಿದ್ದು ನಾನಲ್ಲ, ರೈಟರ್. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಂಡಿಗೆ ಬಂದು ಕೂತಿದ್ದರು. ಖಾಲಿ ಚೀಟಿಗಳನ್ನೆಲ್ಲ ಒಂದು ತಂತಿಗೆ ಚುಚ್ಚಿಟ್ಟಿದ್ದರು. ಅದನ್ನು ಮಾವನ ಕೈಯಲ್ಲಿ ಓದಿಸಿ, "ಇದೇನ್ ಸಾಮಿ, ಎಲ್ಲಾ ಐದರ ಮಗ್ಗಿಲೇ ಬರ್ತಾವೆ" ಅಂದರಂತೆ. ಹತ್ತು ಗಂಟೆ ಐದು ನಿಮಿಷ. ಹತ್ತೂ ಇಪ್ಪತ್ತು. ಹತ್ತೂ ಮೂವತ್ತೈದು.

ಐದು ನಿಮಿಷಕ್ಕೊಮ್ಮೆ ನನ್ನ ಇನ್ನೊಂದು ಥ್ರೆಡ್ ಲೆಕ್ಕವನ್ನು ಸಿಎಸ್‌ವಿ ಫೈಲಿಗೆ ಬರೆಯುತ್ತಿತ್ತು. ದಶಮಾಂಶದ ಚುಕ್ಕಿ ಕೆಡಬಾರದು ಅಂತ ಅಲ್ಲಿ ಒಂದು ಹಳೇ ಚಾಳಿ ಹಾಕಿದ್ದೆ. ಲೊಕೇಲನ್ನು 'ಸಿ' ಮಾಡು, ಫೈಲ್ ಬರೆ, ಹಳೇ ಲೊಕೇಲ್ ವಾಪಸ್ ಹಾಕು. ಎಲ್ಲರೂ ಮಾಡುತ್ತಾರೆ. ಆದರೆ ಸೆಟ್‌ಲೊಕೇಲ್ ಅನ್ನುವುದು ಇಡೀ ಪ್ರೋಗ್ರಾಂಗೆ ಒಂದೇ. ಮನೆಯ ಮೇನ್ ಸ್ವಿಚ್ ಇದ್ದ ಹಾಗೆ. ಹಿತ್ತಿಲಿನ ಬಲ್ಬ್ ಬದಲಾಯಿಸಲು ಮೇನ್ ಆರಿಸಿದರೆ ಅಡುಗೆಮನೆಯ ಮಿಕ್ಸಿಯೂ ನಿಲ್ಲುತ್ತದೆ. ಆ ಕೆಲವು ಮಿಲಿಸೆಕೆಂಡಿನಲ್ಲಿ ಬೇರೆ ಥ್ರೆಡ್ ಹೆಸರು ಪರಿವರ್ತಿಸಲು ಹೋದರೆ ಹಿರಿಯಣ್ಣನಿಗೆ ಕನ್ನಡ ಮರೆತುಹೋಗಿರುತ್ತದೆ.

ಬೇಸರ ಏನೆಂದರೆ, ಡಬ್ಲ್ಯೂಸಿಎಸ್-ಟು-ಎಂಬಿಎಸ್ ಯಾವ ಎನ್‌ಕೋಡಿಂಗ್‌ಗೆ ಬರೆಯಬೇಕು ಅಂತ ನಾವು ಕೈಯಲ್ಲಿ ಕೊಡುವ ಹಾಗಿಲ್ಲ. ಮೂರು ವಿಷಯ ಕೇಳುತ್ತಾನೆ: ಎಲ್ಲಿಗೆ, ಎಲ್ಲಿಂದ, ಎಷ್ಟು. ಅತಿ ಮುಖ್ಯವಾದ ನಾಲ್ಕನೆಯದನ್ನು ಗಾಳಿಯಿಂದ ತಗೊಳ್ಳುತ್ತಾನೆ. ಇದು ನನ್ನ ಪ್ರಕಾರ ಈ ವಸ್ತುವಿನ ಮೂಲ ದೋಷ. ಉಳಿದವೆಲ್ಲ ಇದರ ಮಕ್ಕಳು.

ಇದಕ್ಕೆ ಯುನಿಕ್ಸ್ ಥರದ ವ್ಯವಸ್ಥೆಗಳ ಸ್ಟ್ಯಾಂಡರ್ಡ್ ಆದ 2008ರ ಪೋಸಿಕ್ಸ್‌ನಲ್ಲಿ ಒಂದು ಮದ್ದು ಇದೆ. ನ್ಯೂಲೊಕೇಲ್‌ನಿಂದ ಒಂದು ಲೊಕೇಲ್ ಮಾಡಿಕೊಂಡು ಯೂಸ್‌ಲೊಕೇಲ್‌ನಿಂದ ಆ ಥ್ರೆಡ್‌ಗೆ ಮಾತ್ರ ಕಟ್ಟಬಹುದು. ಗ್ಲಿಬ್‌ಸಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಎಸ್‌ವಿ ಥ್ರೆಡ್‌ಗೆ ಅದನ್ನು ಕಟ್ಟಿದೆ. ಐದರ ಮಗ್ಗಿ ನಿಂತಿತು.

ಇನ್ನೊಂದು ತಮಾಷೆ. ಈ ಹಿರಿಯಣ್ಣ ಥ್ರೆಡ್‌ಗಳ ನಡುವೆ ನಂಬಿಕಸ್ಥನಾ ಅಂತ ನೋಡಲು ಹೋದೆ. ಗ್ಲಿಬ್‌ಸಿಯ ಮ್ಯಾನ್ ಪೇಜ್ ಹೌದು ಅನ್ನುತ್ತದೆ. 2008ರ ಪೋಸಿಕ್ಸ್ ಮಾತ್ರ, ಥ್ರೆಡ್‌ಗೆ ಸುರಕ್ಷಿತ ಆಗಿರಬೇಕಾಗಿಲ್ಲ ಅನ್ನುವ ಪಟ್ಟಿಯಲ್ಲಿ ಡಬ್ಲ್ಯೂಸಿಎಸ್-ಟು-ಎಂಬಿಎಸ್ ಮತ್ತು ಡಬ್ಲ್ಯೂಸಿ-ಟು-ಎಂಬಿ ಎರಡನ್ನೂ ಹಾಕಿದೆ. ಅಂದರೆ ಈ ಊರಿನಲ್ಲಿ ಒಳ್ಳೆಯವನು, ಬೇರೆ ಊರಿನಲ್ಲಿ ಹೇಗೋ. ಒಂದೇ ಅಕ್ಷರದ ಡಬ್ಲ್ಯೂಸಿ-ಟು-ಎಂಬಿಯನ್ನು ಮಾತ್ರ ಗ್ಲಿಬ್‌ಸಿಯೂ ನಂಬಬೇಡಿ ಅನ್ನುತ್ತದೆ. ಅವನು ಹಿಂದಿನ ಸಲ ಎಲ್ಲಿ ನಿಲ್ಲಿಸಿದೆ ಅನ್ನುವುದನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತಾನೆ, ಎಲ್ಲ ಥ್ರೆಡ್‌ಗೂ ಸೇರಿ ಒಂದೇ ಪುಸ್ತಕ.

ಆ ಪುಸ್ತಕ ಯಾಕೆ ಬೇಕು? ಕೆಲವು ಎನ್‌ಕೋಡಿಂಗ್‌ಗಳಲ್ಲಿ ಒಂದು ಬೈಟಿನ ಅರ್ಥ ಅದರ ಹಿಂದೆ ಏನು ಬಂತು ಅನ್ನುವುದರ ಮೇಲೆ ನಿಂತಿದೆ. ನಮ್ಮ ದೇಶದ್ದೇ ಇಸ್ಕಿ ಇದೆ, 1991ರ ಐಎಸ್ 13194. ಅದರಲ್ಲಿ ಎಲ್ಲ ಭಾರತೀಯ ಲಿಪಿಗಳ 'ಕ'ಗೂ ಒಂದೇ ಬೈಟ್. ಲಿಪಿ ಯಾವುದು ಅಂತ ಹೇಳಲು ನಡುವೆ ಒಂದು ಗುರುತು ಬರುತ್ತದೆ, ಅಲ್ಲಿಂದ ಮುಂದೆ ಕನ್ನಡ ಅಥವಾ ತೆಲುಗು. ಅದನ್ನು ನೆನಪಿಟ್ಟುಕೊಳ್ಳಲೇಬೇಕು. ಯುಟಿಎಫ್-8ಕ್ಕೆ ಇಂಥ ರಗಳೆ ಇಲ್ಲ, ಹಾಗಾಗಿ ನನಗೆ ಈ ಪುಸ್ತಕದಿಂದ ತೊಂದರೆ ಇಲ್ಲ ಅಂದುಕೊಂಡೆ. ಬರೆಯುವ ದಿಕ್ಕಿನಲ್ಲಿ ನಿಜ. ಓದುವ ದಿಕ್ಕಿನಲ್ಲಿ ಅಲ್ಲ.

ತೂಕದ ಯಂತ್ರದಿಂದ ಬರುವ ಸಾಲನ್ನು ನಾನು 64 ಬೈಟ್‌ಗಳ ತುಂಡಾಗಿ ಓದಿ, ಎಂಬಿಆರ್-ಟು-ಡಬ್ಲ್ಯೂಸಿಗೆ ಕೊಡುತ್ತಿದ್ದೆ. ಅದರ ಕೊನೆಯ ಆರ್ಗ್ಯುಮೆಂಟು ಆ ನೆನಪಿನ ಪುಸ್ತಕ. ನೀವೇ ಒಂದು ಕೊಡಬಹುದು, ಅದೇ ಆ 'ಆರ್'ನ ಮಹಿಮೆ. ನಲ್ ಕೊಟ್ಟರೆ ಅವನೇ ಒಳಗೆ ಇಟ್ಟಿರುವುದನ್ನು ಬಳಸುತ್ತಾನೆ. ತಾನೇ ನೋಡಿಕೊಳ್ಳುತ್ತಾನಲ್ಲ ಅಂತ ನಲ್ ಕೊಟ್ಟಿದ್ದೆ.

64ರಲ್ಲಿ ಕನ್ನಡದ 21 ಕೋಡ್ ಪಾಯಿಂಟ್ ಹಿಡಿಸುತ್ತವೆ, 63 ಬೈಟ್. ಒಂದು ಬೈಟ್ ಉಳಿಯುತ್ತದೆ. 'ಕ' ಅಂದರೆ ಇ0, ಬಿ2, 95 ಅನ್ನುವ ಮೂರು ಬೈಟ್. ತುಂಡು ಇ0ಗೆ ಮುಗಿಯಿತು ಅಂದುಕೊಳ್ಳಿ. ಎಂಬಿಆರ್-ಟು-ಡಬ್ಲ್ಯೂಸಿ ಆ ಇ0ಯನ್ನು ನುಂಗಿ, ಇನ್ನೂ ಬರಬೇಕು ಅನ್ನುವ ಅರ್ಥದಲ್ಲಿ ಮೈನಸ್ ಎರಡು ಕೊಟ್ಟು, ಪುಸ್ತಕದಲ್ಲಿ ಬರೆದಿಟ್ಟು ಕಾಯುತ್ತಾನೆ. ಒಂದೇ ಥ್ರೆಡ್ ಇದ್ದರೆ ಇದು ತುಂಬಾ ಚೆಂದದ ಏರ್ಪಾಡು. ಆದರೆ ಒಂದನೇ ಯಂತ್ರದ ಬಾಕಿ ಬಿ2 ಬರುವ ಮೊದಲೇ ಮೂರನೇ ಯಂತ್ರದವನು ಹೊಸ ಸಾಲು ತರುತ್ತಾನೆ. ಅವನ ಸಾಲು 4ರಿಂದ ಶುರು, ಬರೀ ತೂಕ, ಅದರಲ್ಲಿ ಕನ್ನಡವೇ ಇಲ್ಲ. ಪುಸ್ತಕದಲ್ಲಿ ಮಾತ್ರ ಇ0 ಕಾಯುತ್ತಾ ಕೂತಿದೆ. ಇ0 ಆದ ಮೇಲೆ 4 ಬರುವಂತಿಲ್ಲ. ತಪ್ಪು ಎನ್‌ಕೋಡಿಂಗ್ ಅಂತ ಮೂರನೇ ಯಂತ್ರದ ಸಾಲು ತಿರಸ್ಕಾರ. ತಪ್ಪು ಬಂದ ಮೇಲೆ ಪುಸ್ತಕದ ಗತಿ ಏನು ಅನ್ನುವುದನ್ನು ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ, ಹಾಗಾಗಿ ಒಂದನೇ ಯಂತ್ರದ ಬಾಕಿಯೂ ದೇವರ ಕೈಲಿ. ಒಬ್ಬನ ಸಾಲ ಇನ್ನೊಬ್ಬನ ಖಾತೆಗೆ. ಮಂಡಿಯಲ್ಲಿ ಹೀಗೆ ಆಗಿದ್ದರೆ ಜಗಳ ಆಗುತ್ತಿತ್ತು.

ಥ್ರೆಡ್‌ಗಳ ಜಗಳ ಹಿಡಿಯುವ ಥ್ರೆಡ್ ಸ್ಯಾನಿಟೈಸರ್ ಹಾಕಿ ನೋಡಿದೆ. ಅದು ನನಗೆ ಏನೂ ಹೇಳಲಿಲ್ಲ. ಅದು ನೋಡುವುದು ನಾನು ಕಂಪೈಲ್ ಮಾಡಿದ ಕೋಡನ್ನು, ಜಗಳ ಇದ್ದದ್ದು ಗ್ಲಿಬ್‌ಸಿಯ ಹೊಟ್ಟೆಯೊಳಗೆ. ಕೊನೆಗೆ ಒಂದೊಂದು ತುಂಡಿನ ಕೊನೆಯ ಮೂರು ಬೈಟನ್ನು ಲಾಗ್‌ಗೆ ಬರೆಸಿದ ಮೇಲೆ ಕಂಡಿತು.

ನಾನು ಮಾಡಿದ ಮೊದಲ ರಿಪೇರಿಯೂ ತಪ್ಪು. ಥ್ರೆಡ್‌ಗೆ ಒಂದೊಂದು ಪುಸ್ತಕ ಕೊಟ್ಟೆ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಆರು ಯಂತ್ರ ಆದವು, ನಾಲ್ಕೇ ಥ್ರೆಡ್ ಸರದಿಯಲ್ಲಿ ಎಲ್ಲವನ್ನೂ ನೋಡಿಕೊಳ್ಳುವ ಹಾಗೆ ಬದಲಾಯಿಸಿದೆ, ಮತ್ತೆ ಅದೇ ರಾಗ. ಪುಸ್ತಕ ಥ್ರೆಡ್‌ಗೆ ಸೇರಿದ್ದಲ್ಲ. ಆ ಯಂತ್ರದಿಂದ ಹರಿದು ಬರುವ ಬೈಟ್‌ಗಳಿಗೆ ಸೇರಿದ್ದು. ಕನೆಕ್ಷನ್‌ಗೆ ಒಂದು ಪುಸ್ತಕ, ಶುರುವಿಗೆ ಸೊನ್ನೆಯಿಂದ ಒರೆಸಿ ಇಟ್ಟದ್ದು. ಹಾಗೆ ಮಾಡಿದ ಮೇಲೆ ತಮ್ಮಂದಿರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರಿಗೆ ಮೂರೂವರೆ ಕೊಡುತ್ತೇನೆ. ನಲ್ ಕೊಟ್ಟರೆ ಒಂದು.

ವಿಂಡೋಸ್ ಕಡೆ ಒಂದು ಮಾತು. ಮಾವನ ಮಗಳ ಲ್ಯಾಪ್‌ಟಾಪ್‌ನಲ್ಲಿ ಹಳೆಯ ರೈತರ ಪಟ್ಟಿ ಇತ್ತು, ಯಾರೋ ಬರೆದುಕೊಟ್ಟ ಪ್ರೋಗ್ರಾಂ. ಅದು ಅಗಲದ ಅಕ್ಷರಗಳನ್ನು ಹಾಗೇ ಫೈಲಿಗೆ ಸುರಿದಿತ್ತು. ನಾನೂ ಹಾಗೇ ಎತ್ತಿಕೊಳ್ಳಲು ಹೋದೆ. ವಿಂಡೋಸ್‌ನಲ್ಲಿ ಅಗಲದ ಅಕ್ಷರಕ್ಕೆ ಎರಡು ಬೈಟ್, ಲಿನಕ್ಸ್‌ನಲ್ಲಿ ನಾಲ್ಕು. ಎರಡು ಅಕ್ಷರ ಸೇರಿ ಒಂದಾದವು. 'ಅ'ಗೆ 0ಸಿ85, 'ರ'ಗೆ 0ಸಿಬಿ0, ಎರಡನ್ನೂ ಅಂಟಿಸಿ ಓದಿದರೆ 21 ಕೋಟಿಗೂ ಮೇಲಿನ ಒಂದು ಸಂಖ್ಯೆ. ಯೂನಿಕೋಡ್‌ನ ಕೊನೆಯ ಮನೆ ನಂಬರ್ 11 ಲಕ್ಷದ 14 ಸಾವಿರದ 111. ಅಲ್ಲಿಂದಾಚೆ ಊರೇ ಇಲ್ಲ.

ಅದಕ್ಕಿಂತ ಹೊಟ್ಟೆ ಉರಿದದ್ದು ಇನ್ನೊಂದು ಫೈಲ್ ನೋಡಿ. ಅದೇ ಪಟ್ಟಿಯನ್ನು ಯಾವಾಗಲೋ 'ಆನ್ಸಿ' ಅಂತ ಉಳಿಸಿದ್ದರು. ವಿಂಡೋಸ್‌ನ ಆ ಕೋಡ್ ಪೇಜ್‌ನಲ್ಲಿ ಕನ್ನಡ ಇಲ್ಲ, ಹಾಗಾಗಿ ಒಂದೊಂದು ಕೋಡ್ ಪಾಯಿಂಟ್‌ಗೂ ಒಂದೊಂದು ಪ್ರಶ್ನೆ ಚಿಹ್ನೆ. ಹೆಸರುಗಳು ಹೋದವು, ವಾಪಸ್ ಬರುವುದಿಲ್ಲ. ತಾಲ್ಲೂಕು ಮಾತ್ರ ಒಂದಿಷ್ಟು ವಾಪಸ್ ಬಂತು! ಪ್ರಶ್ನೆ ಚಿಹ್ನೆ ಎಣಿಸಿದೆವು. ನಾಲ್ಕಿದ್ದರೆ ಹಾಸನ, ಐದಿದ್ದರೆ ಆಲೂರು, ಆರಿದ್ದರೆ ಬೇಲೂರು, ಹನ್ನೊಂದು ಹೊಳೆನರಸೀಪುರ, ಹನ್ನೆರಡು ಚನ್ನರಾಯಪಟ್ಟಣ. ಎಂಟಿದ್ದರೆ ಮಾತ್ರ ಮತ್ತೆ ಆ ಮೂವರೇ. ಅರಸೀಕೆರೆಯಾ, ಸಕಲೇಶಪುರವಾ, ಅರಕಲಗೂಡಾ ಅಂತ ಮಾವ ಫೋನ್ ಮಾಡಿ ಕೇಳಿದರು.

ನ್ಯಾಯವಾಗಿ ಹೇಳಬೇಕೆಂದರೆ ವಿಂಡೋಸ್‌ನ ಸ್ವಂತ ಪರಿವರ್ತಕ, ವೈಡ್‌ಚಾರ್-ಟು-ಮಲ್ಟಿಬೈಟ್, ವಿನ್ಯಾಸದಲ್ಲಿ ಉತ್ತಮ. ಎನ್‌ಕೋಡಿಂಗ್ ಯಾವುದು ಅಂತ ಮೊದಲ ಆರ್ಗ್ಯುಮೆಂಟಿನಲ್ಲೇ ಕೇಳುತ್ತದೆ. ಗಾಳಿಯಿಂದ ಏನೂ ತಗೊಳ್ಳುವುದಿಲ್ಲ. ಯುಟಿಎಫ್-8 ಅಂತ ಹೇಳಿದರೆ ಯುಟಿಎಫ್-8, ಯಾವ ಥ್ರೆಡ್ ಲೊಕೇಲ್ ತಿರುಗಿಸಿದರೂ ಅಷ್ಟೇ.

ಲಿನಕ್ಸ್‌ನಲ್ಲಿ ಅಂಥದ್ದೇ ಬೇಕು ಅಂದರೆ ಐಕಾನ್ವ್ ಇದೆ. ಇದಕ್ಕೆ ನಾಲ್ಕು ಅಂಕ. ಎಲ್ಲಿಂದ ಎಲ್ಲಿಗೆ ಅಂತ ಹೆಸರು ಹೇಳಿ ತೆರೆಯಬೇಕು. ಜಾಗ ಸಾಲದಿದ್ದರೆ ಸಾಲದು ಅಂತ ಬಾಯಿಬಿಟ್ಟು ಹೇಳುತ್ತದೆ. ಅರ್ಧ ಅಕ್ಷರ ಬಂದರೆ ಅರ್ಧ ಬಂತು ಅಂತ ಬೇರೆ ತಪ್ಪು ಕೊಟ್ಟು, ಆ ಬೈಟ್‌ಗಳನ್ನು ನುಂಗದೆ ನಿಮ್ಮ ಬಳಿಯೇ ಬಿಡುತ್ತದೆ. ಇದು ಎಷ್ಟು ದೊಡ್ಡ ಸಮಾಧಾನ ಅಂತ ಮೇಲಿನ ಕಥೆ ಓದಿದವರಿಗೆ ಗೊತ್ತು. ತೆರೆದ ಡಿಸ್ಕ್ರಿಪ್ಟರನ್ನು ಇಬ್ಬರು ಥ್ರೆಡ್ ಹಂಚಿಕೊಳ್ಳಬಾರದು, ತಲೆಗೊಂದು ತೆರೆಯಿರಿ. ಒಂದು ಅಂಕ ಕತ್ತರಿಸಿದ್ದು ಆ ಪಾಯಿಂಟರ್‌ಗೆ ಪಾಯಿಂಟರ್ ಕೊಡುವ ಗೋಳಿಗೆ.

ಸಣ್ಣದೊಂದು: ಅಗಲದ ಅಕ್ಷರ ಮುದ್ರಿಸುವ ವೈಡ್ ಪ್ರಿಂಟ್‌ಎಫ್ ಒಮ್ಮೆ ಬಳಸಿದ ಔಟ್‌ಪುಟ್‌ಗೆ ಮಾಮೂಲಿ ಪ್ರಿಂಟ್‌ಎಫ್ ಮಾಡಬೇಡಿ. ಆ ಸ್ಟ್ರೀಮ್ ಅಗಲಕ್ಕೆ ತಿರುಗಿಬಿಟ್ಟಿರುತ್ತದೆ, ಎರಡನೆಯದು ಮೌನ.

ಕೊನೆಗೆ ನಾನು ಅಗಲದ ಅಕ್ಷರವನ್ನೇ ಕಿತ್ತುಹಾಕಿದೆ. ಯಂತ್ರದಿಂದ ಬರುವುದು ಯುಟಿಎಫ್-8. ಚೀಟಿಯ ಚಿತ್ರ ಬರೆಯುವ ಪ್ಯಾಂಗೊ ಕೇಳುವುದೂ ಯುಟಿಎಫ್-8. ನಡುವೆ ನಾನು ಅದನ್ನು ಅಗಲ ಮಾಡಿ ಮತ್ತೆ ಸಣ್ಣ ಮಾಡುತ್ತಿದ್ದೆ. ಮಾವನಿಗೆ ಇದನ್ನು ಹೇಳಿದಾಗ, "ಹಾಸನದಿಂದ ಬೇಲೂರಿಗೆ ಹೋಗೋಕೆ ಬೆಂಗಳೂರು ಸುತ್ತಿ ಬಂದೆ ಅನ್ನು" ಅಂದರು. ಈಗ ಬೈಟ್‌ಗಳು ಬಂದ ಹಾಗೇ ಹೋಗುತ್ತವೆ. ಹಳೇ ವಿಂಡೋಸ್ ಫೈಲ್ ಬಂದರೆ ಬಾಗಿಲಲ್ಲೇ ಐಕಾನ್ವ್, ಒಳಗೆ ಬಿಡುವ ಮೊದಲು. ಸುಮಾರು 300 ಸಾಲು ಕೋಡ್ ಕಡಿಮೆ ಆಯಿತು.

ಈ ಕುಟುಂಬವನ್ನು ನೀವು ಕೊಳ್ಳಬೇಕಾ? ಕಮಾಂಡ್ ಲೈನ್‌ನ ಸಣ್ಣ ಪ್ರೋಗ್ರಾಂ, ಒಂದೇ ಥ್ರೆಡ್, ಬಳಸುವವರ ಲೊಕೇಲ್‌ನಲ್ಲೇ ಬರೆಯಬೇಕು ಅಂದರೆ ಸರಿ, ಬಳಸಿ. ಆ ಕೆಲಸಕ್ಕೇ ಮಾಡಿದ್ದು. ಅದರಾಚೆ ನಾನಂತೂ ಕೈ ಹಾಕುವುದಿಲ್ಲ.

ಕಳೆದ ತಿಂಗಳು ಮಂಡಿಗೆ ಹೋಗಿದ್ದೆ. ಎಲ್ಲ ಚೀಟಿ ಸರಿಯಾಗಿ ಬರುತ್ತಿದ್ದವು. ರೈಟರ್ ಒಂದು ಚೀಟಿ ಹಿಡಿದು ಹತ್ತಿರ ಬಂದರು. "ಸಾಮಿ, ಮೊದಲು ಊರಿನ ಪಕ್ಕದಲ್ಲೇ ನಂಬರ್ ಬರ್ತಿತ್ತಲ್ಲ, ಅದನ್ನ ಯಾಕೆ ತೆಗೆದ್ರಿ? ಲಾರಿಯವರಿಗೆ ಅದೇ ಅನುಕೂಲ ಆಗಿತ್ತು." ಮಾವನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅಲ್ಲೇ ಕೂತು, ಈ ಸಲ ನಡುವೆ ಒಂದು ಅಲ್ಪವಿರಾಮ ಹಾಕಿ, ಎಂಟೂ ತಾಲ್ಲೂಕಿಗೆ ಬರುವ ಹಾಗೆ ಬರೆದುಕೊಟ್ಟೆ.